ನೆತ್ತರಿನ ಓಟ: ಶರೀರಕ್ರಿಯಾಶಾಸ್ತ್ರದ ಕುರಿತು ಕೆಲವು ಮಾತು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯೋಪಾಧ್ಯಾಯಿನಿಯವರು ಫೋನ್ ಮಾಡಿ, "ಡಾಕ್ಟ್ರೇ, ನೀವು ಮೂವತ್ತು ವರ್ಷ ಪಾಠ ಮಾಡಿದ ವಿಷಯವನ್ನೇ ಅರ್ಧ ಗಂಟೆಯಲ್ಲಿ ನಮ್ಮ ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳಬೇಕು" ಎಂದರು. ನಾನು ಪಾಠ ಮಾಡಿದ್ದು ಫಿಸಿಯಾಲಜಿ. ಕನ್ನಡದಲ್ಲಿ ಶರೀರಕ್ರಿಯಾಶಾಸ್ತ್ರ ಎನ್ನುತ್ತಾರೆ. ಹೆಸರು ಉದ್ದ, ಕೆಲಸ ಸರಳ. ಜೀವವಿರುವ ಒಂದು ದೇಹ ಹೇಗೆ ನಡೆಯುತ್ತದೆ ಎಂದು ಕೇಳುವುದೇ ಅದರ ಕೆಲಸ.

ನಿಮ್ಮಲ್ಲಿ ಅನೇಕರ ಮನೆಯ ಹತ್ತಿರ ಕಾಫಿ ಪಲ್ಪ್ ಮಾಡುವ ಮಷೀನು ಇರುತ್ತದೆ. ಡಿಸೆಂಬರಿಗೆ ಮುಂಚೆ ಅದನ್ನು ಬಿಚ್ಚಿ, ತೊಳೆದು, ಒಂದೊಂದು ಭಾಗವನ್ನೂ ಟಾರ್ಪಾಲಿನ ಮೇಲೆ ಹರಡಿರುತ್ತಾರೆ. ಇದು ಡ್ರಮ್ಮು, ಇದು ಬೆಲ್ಟು, ಇದು ಬೋಲ್ಟು ಎಂದು ಗುರುತಿಸುವುದು ಅಂಗರಚನಾಶಾಸ್ತ್ರ. ಆಮೇಲೆ ಎಲ್ಲ ಜೋಡಿಸಿ, ನೀರು ಬಿಟ್ಟು, ಹಣ್ಣು ಸುರಿದು, ಚಾಲೂ ಮಾಡಿದಾಗ ಸಿಪ್ಪೆ ಒಂದು ಕಡೆ ಬೀಜ ಒಂದು ಕಡೆ ಬೀಳುತ್ತದಲ್ಲ, ಅದು ಹೇಗೆ ಎಂದು ಕೇಳಿದರೆ ಶರೀರಕ್ರಿಯಾಶಾಸ್ತ್ರ. ಒಂದು ವ್ಯತ್ಯಾಸವಿದೆ. ಮಷೀನನ್ನು ನಿಲ್ಲಿಸಿ ರಿಪೇರಿ ಮಾಡಬಹುದು. ದೇಹ ಓಡುತ್ತಿರುವಾಗಲೇ ತನ್ನ ರಿಪೇರಿಯನ್ನು ತಾನೇ ಮಾಡಿಕೊಳ್ಳಬೇಕು.

ಉದಾಹರಣೆಗೆ ದೂರ ಹೋಗುವುದು ಬೇಡ. ಜೂನ್ ತಿಂಗಳಲ್ಲಿ ಶಾಲೆಗೆ ನಡೆದು ಬರುವ ಯಾವ ಮಗುವಿಗೂ ಜಿಗಣೆಯನ್ನು ಪರಿಚಯಿಸಬೇಕಾಗಿಲ್ಲ. ನಾವು ಓದುವಾಗ ಪ್ರಾರ್ಥನೆ ಮುಗಿದ ಮೇಲೆ ಮೊದಲ ಪೀರಿಯಡ್ ಜಿಗಣೆ ಕೀಳುವುದಕ್ಕೇ ಹೋಗುತ್ತಿತ್ತು. ಸುಣ್ಣವನ್ನೋ ಹೊಗೆಸೊಪ್ಪನ್ನೋ ಬಟ್ಟೆಯಲ್ಲಿ ಗಂಟು ಕಟ್ಟಿ ತರುವವರಿಗೆ ತರಗತಿಯಲ್ಲಿ ದೊಡ್ಡ ಮರ್ಯಾದೆ. ಜಿಗಣೆ ಉದುರಿದ ಮೇಲೂ ರಕ್ತ ನಿಲ್ಲುವುದಿಲ್ಲ. ಕಾಲುಚೀಲ ಒದ್ದೆ, ಬೆಂಚಿನ ಕೆಳಗೆ ಕೆಂಪು. "ಕೆಟ್ಟ ರಕ್ತ ಹೋಗಲಿ ಬಿಡು" ಎಂದು ಹಿರಿಯರು ಹೇಳುತ್ತಿದ್ದರು. ಹೋಗುತ್ತಿದ್ದುದು ಒಳ್ಳೆಯ ರಕ್ತವೇ.

ಬ್ಲೇಡು ತಾಗಿದ ಗಾಯದ ರಕ್ತ ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ. ಮೊದಲು ಕಿರುತಟ್ಟೆಗಳು ಬಂದು ತೂತಿಗೆ ಅಂಟುತ್ತವೆ. ಆಮೇಲೆ ಥ್ರಾಂಬಿನ್ ಎಂಬ ಕಿಣ್ವ, ರಕ್ತದಲ್ಲಿ ಕರಗಿರುವ ಒಂದು ಪ್ರೋಟೀನನ್ನು ಫೈಬ್ರಿನ್ ಎಂಬ ನಾರಾಗಿ ಮಾಡುತ್ತದೆ. ಆ ನಾರಿನ ಬಲೆಗೆ ರಕ್ತಕಣಗಳು ಸಿಕ್ಕಿಕೊಂಡು ಹೆಪ್ಪುಗಟ್ಟುತ್ತದೆ. ಜಿಗಣೆಯ ಸಮಸ್ಯೆ ಏನೆಂದರೆ, ಹೆಪ್ಪುಗಟ್ಟಿದರೆ ಅದಕ್ಕೆ ಊಟವಿಲ್ಲ. ಹಾಗಾಗಿ ಅದರ ಜೊಲ್ಲಿನಲ್ಲಿ ಥ್ರಾಂಬಿನ್ನನ್ನೇ ಹಿಡಿದು ಕಟ್ಟಿಹಾಕುವ ವಸ್ತುವಿದೆ. ನೀರಿನ ಜಿಗಣೆಯ ರಸ ಬೆರೆತರೆ ರಕ್ತ ಹೆಪ್ಪುಗಟ್ಟುವುದಿಲ್ಲ ಎಂದು 1884ರಲ್ಲೇ ಜಾನ್ ಹೇಕ್ರಾಫ್ಟ್ ಎಂಬವರು ತೋರಿಸಿದರು. ಆ ವಸ್ತುವಿಗೆ ಮುಂದೆ ಹಿರುಡಿನ್ ಎಂಬ ಹೆಸರು ಬಂತು. ನಮ್ಮ ದೇಶದ ಕಾಡಿನ ನೆಲಜಿಗಣೆ ಹೀಮಡಿಪ್ಸಾ ಸಿಲ್ವೆಸ್ಟ್ರಿಸ್‌ನಿಂದಲೂ ಅಂಥದ್ದೇ ಕೆಲಸ ಮಾಡುವ ಹೀಮಡಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಿ 1993ರಲ್ಲಿ ಪ್ರಕಟಿಸಿದ್ದಾರೆ. ನಿಮ್ಮ ಕಾಲಿನಲ್ಲಿ ಅರ್ಧ ದಿನ ರಕ್ತ ಒಸರುವುದು ನಿಮ್ಮ ರಕ್ತ ಕೆಟ್ಟಿದ್ದಕ್ಕಲ್ಲ, ಜಿಗಣೆ ತನ್ನ ಕೆಲಸದಲ್ಲಿ ಗಟ್ಟಿಗ ಎಂಬುದಕ್ಕೆ.

ಈಗ ಒಂದು ಕೆಲಸ ಮಾಡೋಣ. ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ ಬಲಗೈಯ ಎರಡು ಬೆರಳಿಡಿ. ನಾನು ಹೇಳಿದಾಗ ಶುರುಮಾಡಿ ಮೂವತ್ತು ಸೆಕೆಂಡು ಎಣಿಸಿ. (ಮಕ್ಕಳು ಎಣಿಸಿದರು. ಮೂವತ್ತೈದು, ನಲವತ್ತು ಎಂಬ ಉತ್ತರಗಳು ಬಂದವು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ನೂರಾ ಹತ್ತು ಎಂದ.) ನೂರಾ ಹತ್ತು ಎಂದವನು ಊಟವಾದ ಮೇಲೆ ನನ್ನನ್ನು ನೋಡಲಿ.

ಉಳಿದವರ ಲೆಕ್ಕ ಸರಿಯಿದೆ. ದೊಡ್ಡವರಲ್ಲಿ ನಿಮಿಷಕ್ಕೆ ಸುಮಾರು 70 ಬಡಿತ. ಒಂದು ಬಡಿತಕ್ಕೆ ಹೃದಯ ಸುಮಾರು 70 ಮಿಲಿಲೀಟರ್ ರಕ್ತ ನೂಕುತ್ತದೆ. ಗುಣಿಸಿ. ನಿಮಿಷಕ್ಕೆ ಐದು ಲೀಟರ್ ಹತ್ತಿರ ಬರುತ್ತದೆ. ದೇಹದಲ್ಲಿರುವ ಒಟ್ಟು ರಕ್ತವೂ ಸುಮಾರು ಐದು ಲೀಟರೇ. ಇದೇ ಜಾತಿಯ ಒಂದು ಗುಣಾಕಾರದಿಂದ ನನ್ನ ವಿಷಯ ಹೊಸದಾಗಿ ಹುಟ್ಟಿತು ಎಂದರೂ ತಪ್ಪಿಲ್ಲ. ಆಗ ಯುರೋಪಿನಲ್ಲಿ, ಯಕೃತ್ತು ಊಟದಿಂದ ರಕ್ತ ಮಾಡುತ್ತಲೇ ಇರುತ್ತದೆ, ದೇಹ ಅದನ್ನು ಖರ್ಚು ಮಾಡುತ್ತಲೇ ಇರುತ್ತದೆ ಎಂದು ಸಾವಿರಕ್ಕೂ ಹೆಚ್ಚು ವರ್ಷ ನಂಬಿದ್ದರು. ವಿಲಿಯಂ ಹಾರ್ವೆ ಎಂಬ ಇಂಗ್ಲಿಷ್ ವೈದ್ಯ ಲೆಕ್ಕ ಹಾಕಿದ. ಅರ್ಧ ಗಂಟೆಯಲ್ಲಿ ಹೃದಯ ನೂಕುವ ರಕ್ತ ಇಡೀ ದೇಹದಲ್ಲಿರುವುದಕ್ಕಿಂತ ಹೆಚ್ಚು. ಅಷ್ಟನ್ನು ಯಾವ ಊಟದಿಂದ ಮಾಡಲು ಸಾಧ್ಯ? ಹಾಗಾದರೆ ಅದೇ ರಕ್ತ ಸುತ್ತಿ ಸುತ್ತಿ ಬರುತ್ತಿರಬೇಕು. 1628ರಲ್ಲಿ ಇದನ್ನು ಪುಸ್ತಕವಾಗಿ ಬರೆದ. ಹೋಗುವ ನಾಳ, ಬರುವ ನಾಳ ಎರಡೂ ಎಲ್ಲಿ ಸೇರುತ್ತವೆ ಎಂದು ಮಾತ್ರ ಅವನ ಕಣ್ಣಿಗೆ ಕಾಣಲಿಲ್ಲ. ಅವನು ತೀರಿಕೊಂಡು ನಾಲ್ಕು ವರ್ಷದ ಮೇಲೆ, 1661ರಲ್ಲಿ, ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೂದಲಿಗಿಂತ ತೆಳುವಾದ ಲೋಮನಾಳಗಳನ್ನು ಕಂಡ.

ಹಾಕಿ ಆಡುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೊಡಗಿನಲ್ಲಿ ಈ ಪ್ರಶ್ನೆ ಕೇಳಲೇಬಾರದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕಪ್ ಎಂದು ಶುರುವಾದ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜಂದಿರೂ ಸ್ಟಿಕ್ ಹಿಡಿಯುತ್ತಾರೆ. ಒಳ್ಳೆಯ ಆಟಗಾರ ಪೂರ್ತಿ ಬಲ ಹಾಕಿ ಓಡುವಾಗ ಅವನ ಹೃದಯ ನಿಮಿಷಕ್ಕೆ 20 ಲೀಟರಿಗೂ ಹೆಚ್ಚು ನೂಕುತ್ತದೆ. ಸುಮ್ಮನೆ ಕೂತಾಗ ರಕ್ತದ ಐದನೇ ಒಂದು ಪಾಲು ಸ್ನಾಯುಗಳಿಗೆ ಹೋದರೆ, ಓಡುವಾಗ ಐದರಲ್ಲಿ ನಾಲ್ಕು ಪಾಲು ಅಲ್ಲಿಗೇ. ಹೊಟ್ಟೆ, ಮೂತ್ರಪಿಂಡ, ಚರ್ಮ ಎಲ್ಲವೂ ತಮ್ಮ ಪಾಲನ್ನು ಬಿಟ್ಟುಕೊಡುತ್ತವೆ. ಹೊಟ್ಟೆ ತುಂಬ ಕಡಂಬುಟ್ಟು ತಿಂದು ಕೂಡಲೇ ಮೈದಾನಕ್ಕೆ ಇಳಿದರೆ ಆಗುವ ಸಂಕಟಕ್ಕೆ ಇದೂ ಒಂದು ಕಾರಣ.

ಇಷ್ಟು ಪೀಠಿಕೆ. ನಾನು ಹೇಳಬೇಕೆಂದು ಬಂದ ಮಾತು ಈಗ ಶುರುವಾಗುತ್ತದೆ. ಅದು ನಮ್ಮ ಜಿಲ್ಲೆಯದೇ ಮಾತು.

ರಕ್ತ ಕೆಂಪಾಗಿರುವುದು ಕೆಂಪು ರಕ್ತಕಣಗಳಿಂದ. ಅವುಗಳೊಳಗೆ ಹಿಮೋಗ್ಲೋಬಿನ್ ಎಂಬ ಪ್ರೋಟೀನು ತುಂಬಿರುತ್ತದೆ. ಶ್ವಾಸಕೋಶದಲ್ಲಿ ಆಮ್ಲಜನಕ ಹತ್ತಿಸಿಕೊಂಡು ಬೆರಳ ತುದಿಯವರೆಗೆ ಹೋಗಿ ಇಳಿಸಿ ಬರುವ ಬಸ್ಸು ಅದು. ಕಣದ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು. ಅತಿ ಸಣ್ಣ ಲೋಮನಾಳಗಳು ಅದಕ್ಕಿಂತಲೂ ಕಿರಿದು. ಹಾಗಾದರೆ ಕಣ ದಾಟುವುದು ಹೇಗೆ? ಮಡಚಿಕೊಂಡು. ನಡುವೆ ತಗ್ಗಾಗಿರುವ ಮೆತ್ತನೆಯ ಬಿಲ್ಲೆ ಅದು. ಇಕ್ಕಟ್ಟು ಬಂದಾಗ ಬಾಗುತ್ತದೆ, ಆಚೆ ಹೋಗಿ ಮತ್ತೆ ದುಂಡಗಾಗುತ್ತದೆ. ಹೀಗೆ ಸುಮಾರು 120 ದಿನ ಓಡಿ ಸಾಯುತ್ತದೆ. ಸತ್ತದ್ದಕ್ಕೆ ಬದಲು ಮೂಳೆಯ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳನ್ನು ಮಾಡಿ ಕಳಿಸುತ್ತದೆ.

1910ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಜೇಮ್ಸ್ ಹೆರಿಕ್ ಎಂಬ ವೈದ್ಯರು ಒಂದು ವಿಚಿತ್ರ ಪ್ರಕರಣವನ್ನು ವರದಿ ಮಾಡಿದರು. ರೋಗಿ ಗ್ರೆನಾಡಾ ದ್ವೀಪದಿಂದ ದಂತವೈದ್ಯಕೀಯ ಓದಲು ಬಂದಿದ್ದ ಕಪ್ಪು ಜನಾಂಗದ ತರುಣ. ಅವನ ರಕ್ತದಲ್ಲಿ ದುಂಡು ಬಿಲ್ಲೆಗಳ ನಡುವೆ ಕುಡುಗೋಲಿನ ಹಾಗೆ ಬಾಗಿದ, ತುದಿ ಚೂಪಾದ ಕಣಗಳಿದ್ದವು. ಆ ಕಾಯಿಲೆಗೆ ಸಿಕಲ್ ಸೆಲ್ ಅನೀಮಿಯಾ, ಕುಡುಗೋಲು ಕಣದ ರಕ್ತಹೀನತೆ ಎಂಬ ಹೆಸರು ನಿಂತಿತು. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಅವರ ಜೊತೆಗಾರರು, ತಪ್ಪಿರುವುದು ಹಿಮೋಗ್ಲೋಬಿನ್ನಿನಲ್ಲೇ ಎಂದು ತೋರಿಸಿದರು. ಕೆಲವು ವರ್ಷಗಳ ಮೇಲೆ ವರ್ನನ್ ಇಂಗ್ರಮ್ ಆ ತಪ್ಪು ಎಷ್ಟು ಸಣ್ಣದು ಎಂದು ಕಂಡುಹಿಡಿದರು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಿಕೊಂಡಿವೆ. ಅದರಲ್ಲಿ ಆರನೆಯ ಮಣಿ ಮಾತ್ರ ಬದಲಾಗಿದೆ. ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲೀನ್ ಇದೆ. ಅಷ್ಟೇ.

ಇದು ಅಮೆರಿಕದ ಕಥೆ, ನಮಗೇನು ಎನ್ನಬೇಡಿ. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ಇಬ್ಬರು ಈ ಕುಡುಗೋಲು ಕಣವನ್ನು ನೀಲಗಿರಿಯ ಬುಡಕಟ್ಟು ಜನರಲ್ಲಿ ಕಂಡರು. ಅದೇ ವರ್ಷ ಅಸ್ಸಾಮಿನ ಟೀ ತೋಟದ ಕಾರ್ಮಿಕರಲ್ಲೂ ಕಂಡಿತು. ನೀಲಗಿರಿ, ವಯನಾಡು, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಇವೆಲ್ಲ ಒಂದೇ ಕಾಡಿನ ಹಾಸು. ರಾಜ್ಯಗಳ ಗಡಿ ನಾವು ಹಾಕಿದ್ದು, ರಕ್ತಕ್ಕೆ ಅದು ಗೊತ್ತಿಲ್ಲ. ವಯನಾಡಿನ ಪಣಿಯರಲ್ಲಿ, ಅಡಿಯರಲ್ಲಿ, ಬಿಳಿಗಿರಿಯ ಸೋಲಿಗರಲ್ಲಿ, ನಮ್ಮ ಯರವ ಮತ್ತು ಜೇನುಕುರುಬ ಹಾಡಿಗಳಲ್ಲಿ ಇದು ಇದೆ. ಬುಡಕಟ್ಟಿನವರಿಗೆ ಮಾತ್ರ ಬರುವ ಕಾಯಿಲೆ ಎಂದು ತಿಳಿಯುವುದೂ ತಪ್ಪು. ವಯನಾಡಿನ ಚೆಟ್ಟಿಗಳಲ್ಲೂ ಇದು ಸಾಕಷ್ಟು ಇದೆ.

ಒಂದು ಮಣಿ ಬದಲಾದರೆ ಏನಾಗುತ್ತದೆ? ಇಲ್ಲಿ ಸ್ವಲ್ಪ ಗಮನ ಕೊಡಿ, ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಆಮ್ಲಜನಕ ಹೊತ್ತಿರುವವರೆಗೆ ಆ ಹಿಮೋಗ್ಲೋಬಿನ್ ಏನೂ ತಂಟೆ ಮಾಡುವುದಿಲ್ಲ. ಆಮ್ಲಜನಕವನ್ನು ಇಳಿಸಿದ ಕೂಡಲೇ ಅದರ ಆಕಾರ ಸ್ವಲ್ಪ ಬದಲಾಗುತ್ತದೆ. ಆಗ ಆ ವ್ಯಾಲೀನ್ ಒಂದು ಕೊಂಡಿಯ ಹಾಗೆ ಪಕ್ಕದ ಅಣುವಿನ ಗುಳಿಗೆ ಸಿಕ್ಕಿಕೊಳ್ಳುತ್ತದೆ. ಅದು ಇನ್ನೊಂದಕ್ಕೆ, ಇನ್ನೊಂದು ಮತ್ತೊಂದಕ್ಕೆ. ಹೀಗೆ ಉದ್ದುದ್ದ ಹುರಿಗಳಾಗಿ, ಮೆತ್ತನೆಯ ಬಿಲ್ಲೆಯೊಳಗೆ ಕಡ್ಡಿ ತುಂಬಿದಂತಾಗಿ, ಕಣ ಸೆಟೆದು ಕುಡುಗೋಲಾಗುತ್ತದೆ. ಬಾಗಲಾರದ ಕಣ ಕಿರಿದಾದ ನಾಳದಲ್ಲಿ ಅಡ್ಡ ನಿಲ್ಲುತ್ತದೆ. ಮಾಕುಟ್ಟ ಘಾಟಿಯಲ್ಲಿ ಒಂದು ಮರದ ಲಾರಿ ಅಡ್ಡ ನಿಂತರೆ ಹಿಂದಿನ ಬಸ್ಸು, ಕಾರು, ಆಂಬುಲೆನ್ಸ್ ಎಲ್ಲ ಸಾಲಾಗಿ ನಿಲ್ಲುತ್ತವಲ್ಲ, ಹಾಗೆ. ಆಚೆಗಿನ ಮೂಳೆ, ಸ್ನಾಯುಗಳಿಗೆ ಆಮ್ಲಜನಕವಿಲ್ಲ. ಅದೇ ನೋವು. ಹೆರಿಗೆಯ ನೋವು, ಮೂಳೆ ಮುರಿದ ನೋವು ಕಂಡ ತಾಯಂದಿರೇ ಇದನ್ನು ಅವಕ್ಕಿಂತ ಹೆಚ್ಚೆಂದು ಹೇಳಿದ್ದನ್ನು ನಾನು ವಾರ್ಡಿನಲ್ಲಿ ಕೇಳಿದ್ದೇನೆ.

ಹಾಗಾದರೆ ಆ ಕಣಗಳು ಸದಾ ಕಾಲ ಏಕೆ ಸಿಕ್ಕಿಹಾಕಿಕೊಳ್ಳುವುದಿಲ್ಲ? ಸಮಯದಿಂದ. ಹುರಿಗಟ್ಟಲು ಸ್ವಲ್ಪ ಹೊತ್ತು ಬೇಕು. ಲೋಮನಾಳವನ್ನು ದಾಟಲು ಕಣಕ್ಕೆ ಒಂದು ಸೆಕೆಂಡು ಸಾಕು. ಹುರಿಗಟ್ಟುವ ಮೊದಲೇ ಅಗಲವಾದ ನಾಳಕ್ಕೆ ಬಿದ್ದು, ಶ್ವಾಸಕೋಶ ತಲುಪಿ, ಆಮ್ಲಜನಕ ಹತ್ತಿಸಿಕೊಂಡರೆ ಕೊಂಡಿ ಬಿಚ್ಚಿತು, ಪಾರಾಯಿತು. ಪ್ರತಿ ಸುತ್ತಿನಲ್ಲೂ ಒಂದು ಓಟದ ಪಂದ್ಯ ನಡೆಯುತ್ತಿರುತ್ತದೆ. ಕಣ ಗೆಲ್ಲುತ್ತದೆಯೋ, ಹುರಿ ಗೆಲ್ಲುತ್ತದೆಯೋ.

ಈಗ ಹೇಳಿ, ಈ ಪಂದ್ಯದಲ್ಲಿ ಕಣ ಸೋಲುವುದು ಯಾವಾಗ? ಚಳಿಯಾದಾಗ ಚರ್ಮದ, ಕೈಕಾಲಿನ ನಾಳಗಳು ಬಿಗಿಯುತ್ತವೆ. ಓಟ ನಿಧಾನವಾಗುತ್ತದೆ. ನೀರು ಕುಡಿಯದಿದ್ದರೆ ಕಣದೊಳಗಿನ ನೀರು ಇಂಗಿ ಹಿಮೋಗ್ಲೋಬಿನ್ ಒತ್ತಾಗುತ್ತದೆ. ಸ್ವಲ್ಪ ಒತ್ತಾದರೂ ಸಾಕು, ಹುರಿಗಟ್ಟುವ ವೇಗ ಎಷ್ಟೋ ಪಟ್ಟು ಏರುತ್ತದೆ. ಅಳತೆ ಮೀರಿ ಓಡಿದರೆ ಸ್ನಾಯುಗಳು ಆಮ್ಲಜನಕವನ್ನು ಹೆಚ್ಚು ಎಳೆದುಕೊಳ್ಳುತ್ತವೆ. ಜ್ವರ ಬಂದರೂ ಹಾಗೆಯೇ. ಚಳಿ, ಒದ್ದೆ, ನೀರಡಿಕೆ, ದಣಿವು, ಜ್ವರ. ಜುಲೈ ತಿಂಗಳಲ್ಲಿ ತೋಟದ ಲೈನ್ ಮನೆಯಿಂದಲೋ ಹಾಡಿಯಿಂದಲೋ ಹೊರಟು, ಮೂರು ನಾಲ್ಕು ಕಿಲೋಮೀಟರ್ ಮಳೆಯಲ್ಲಿ ನಡೆದು, ಒದ್ದೆ ಯೂನಿಫಾರ್ಮಿನಲ್ಲಿ ಸಂಜೆಯವರೆಗೆ ಕೂರುವ ಮಗುವಿಗೆ ಇವೆಲ್ಲ ಒಟ್ಟಿಗೆ ಬರುತ್ತವೆ. ಮಳೆಗಾಲದಲ್ಲಿ ನೀರಡಿಕೆ ಎಲ್ಲಿಂದ ಎನ್ನುತ್ತೀರಾ? ಸುತ್ತ ನೀರು ಸುರಿಯುವಾಗ ಯಾರೂ ನೀರು ಕುಡಿಯುವುದಿಲ್ಲ. ಬೆಳಿಗ್ಗೆ ಕುಡಿದ ಒಂದು ಲೋಟ ಕಾಫಿಯಲ್ಲೇ ಮಧ್ಯಾಹ್ನದವರೆಗೆ ಕಳೆಯುತ್ತದೆ.

ನಾನು ಓದುವಾಗ ನನ್ನ ತರಗತಿಯಲ್ಲಿ ಒಬ್ಬ ಯರವ ಹುಡುಗನಿದ್ದ. ಹೆಸರು ಬೇಡ. ಲೆಕ್ಕದಲ್ಲಿ ನನಗಿಂತ ಚುರುಕು. ಬೇಸಿಗೆಯಲ್ಲಿ ಮರ ಹತ್ತಿ ಕಾಟುಮಾವು ಉದುರಿಸುವುದರಲ್ಲಿ ಅವನೇ ಮುಂದು. ಮಳೆ ಹಿಡಿದರೆ ಬೇರೆಯೇ ಹುಡುಗ. ವಾರಗಟ್ಟಲೆ ಬರುತ್ತಿರಲಿಲ್ಲ. ಬಂದರೆ ಮೊಣಕಾಲು ಹಿಡಿದುಕೊಂಡು ಮೂಲೆಯಲ್ಲಿ ಮುದುಡಿ ಕೂರುತ್ತಿದ್ದ. ಡ್ರಿಲ್ ಪೀರಿಯಡ್‌ನಲ್ಲಿ ಓಡಲಿಲ್ಲವೆಂದು ಮೈದಾನ ಎರಡು ಸುತ್ತು ಹೆಚ್ಚು ಓಡಿಸಿದ್ದು ನೆನಪಿದೆ. ಪಾಠದ ನಡುವೆ ಎದ್ದು ಎದ್ದು ಹೊರಗೆ ಹೋಗಲು ಕೇಳುತ್ತಿದ್ದನೆಂದು "ತಿರುಗಲು ನೆಪ" ಎಂದರು. ಕಣ್ಣು ಹಳದಿಯಾದಾಗ ಕಾಮಾಲೆಯೆಂದು ಸೊಪ್ಪಿನ ಔಷಧಿ ಕೊಡಿಸಿ, ಎಣ್ಣೆ ಖಾರ ಎಲ್ಲ ಬಿಡಿಸಿದರು. ಒಂಬತ್ತನೇ ತರಗತಿಯ ಆಗಸ್ಟ್ ತಿಂಗಳಲ್ಲಿ ಬಂದವನು ಆಮೇಲೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದದ್ದನ್ನು ಮುಂದಿನ ಬೆಂಚಿನಲ್ಲಿದ್ದ ನಾನು ನೋಡಿದೆ.

ಅವನ ರಕ್ತವನ್ನು ಯಾರೂ ಪರೀಕ್ಷಿಸಲಿಲ್ಲ. ಆಗ ಜಿಲ್ಲೆಯಲ್ಲಿ ಒಂದು ವೈದ್ಯಕೀಯ ಕಾಲೇಜೂ ಇರಲಿಲ್ಲ, ಮಡಿಕೇರಿಯದು ಶುರುವಾದದ್ದು 2016ರಲ್ಲಿ. ನಾನು ವೈದ್ಯಕೀಯ ಓದುವಾಗ ಸೂಕ್ಷ್ಮದರ್ಶಕದ ಕೆಳಗೆ ಮೊದಲ ಸಲ ಕುಡುಗೋಲು ಕಣ ನೋಡಿದೆ. ಪಕ್ಕದಲ್ಲಿ ಲಕ್ಷಣಗಳ ಪಟ್ಟಿಯಿತ್ತು. ಓದುತ್ತಾ ಹೋದ ಹಾಗೆ ಆ ಮೂಲೆ, ಆ ಮೊಣಕಾಲು ಕಣ್ಣ ಮುಂದೆ ಬಂತು. ಆ ಪಟ್ಟಿಯಲ್ಲಿದ್ದ ಒಂದೊಂದಕ್ಕೂ ನಮ್ಮ ತರಗತಿಯಲ್ಲಿ ಒಂದೊಂದು ಬೈಗುಳವಿತ್ತು.

ಹಳದಿ ಕಣ್ಣನ್ನೇ ತೆಗೆದುಕೊಳ್ಳಿ. ಕುಡುಗೋಲು ಕಣ 120 ದಿನ ಬಾಳುವುದಿಲ್ಲ, ಹತ್ತು ಇಪ್ಪತ್ತು ದಿನಕ್ಕೆ ಒಡೆಯುತ್ತದೆ. ಒಡೆದ ಹಿಮೋಗ್ಲೋಬಿನ್ನಿನ ಹಳದಿ ಬಣ್ಣ ಕಣ್ಣಿಗೆ ಏರುತ್ತದೆ. ಯಕೃತ್ತಿನ ಕಾಯಿಲೆ ಅದಲ್ಲ, ಪಥ್ಯ ಮಾಡಿಸಿದರೆ ಮಗು ಇನ್ನಷ್ಟು ಸೊರಗುತ್ತದೆ. ಕಣಗಳು ಬೇಗ ಒಡೆಯುವುದರಿಂದಲೇ ರಕ್ತ ಕಡಿಮೆ. ಕಬ್ಬಿಣಾಂಶದ ಕೊರತೆಯಿಂದ ಬರುವ ರಕ್ತಹೀನತೆ ಬೇರೆ, ಇದು ಬೇರೆ. ಈ ಮಕ್ಕಳಿಗೆ ಕಬ್ಬಿಣದ ಮಾತ್ರೆ ಬೇಕೋ ಬೇಡವೋ ಎಂದು ಅವರ ವೈದ್ಯರೇ ಹೇಳಬೇಕು. ಉಳಿದವರು ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಮಾತ್ರೆಯನ್ನು ಕಿಟಕಿಯಿಂದ ಎಸೆಯದೆ ನುಂಗಿ. ಕಿಟಕಿಯ ಹೊರಗೆ ಎಷ್ಟು ಬಿದ್ದಿರುತ್ತವೆ ಎಂದು ನನಗೆ ಗೊತ್ತಿದೆ.

ಇನ್ನು ಎದ್ದು ಎದ್ದು ಹೊರಗೆ ಹೋಗುವ ವಿಷಯ. ಮೂತ್ರಪಿಂಡದ ಒಳಭಾಗದಲ್ಲಿ ಆರೋಗ್ಯವಂತರಲ್ಲೂ ಆಮ್ಲಜನಕ ಬಹಳ ಕಡಿಮೆ. ಅಲ್ಲೇ ನೀರನ್ನು ಹಿಂದಕ್ಕೆ ಹೀರಿ ಮೂತ್ರವನ್ನು ಗಟ್ಟಿ ಮಾಡುವ ಕೆಲಸ ನಡೆಯುತ್ತದೆ. ಕುಡುಗೋಲು ಕಣಗಳು ಎಲ್ಲಕ್ಕಿಂತ ಮೊದಲು ಕೆಡಿಸುವ ಜಾಗಗಳಲ್ಲಿ ಅದೂ ಒಂದು. ಹಾಗಾಗಿ ಈ ಮಕ್ಕಳ ಮೂತ್ರ ತೆಳು, ಪ್ರಮಾಣ ಹೆಚ್ಚು. ಮೂತ್ರಕ್ಕೆ ಮತ್ತೆ ಮತ್ತೆ ಹೋಗಲೇಬೇಕು, ಹೋದಷ್ಟೂ ನೀರು ಕುಡಿಯಲೇಬೇಕು. "ಈಗ ತಾನೇ ಹೋಗಿ ಬಂದೆಯಲ್ಲ, ಕೂತ್ಕೋ" ಎಂದರೆ ಆ ಮಗು ಏನು ಮಾಡುತ್ತದೆ? ನೀರು ಕುಡಿಯುವುದನ್ನು ಬಿಡುತ್ತದೆ. ಹೆಣ್ಣುಮಕ್ಕಳಂತೂ ಶೌಚಾಲಯಕ್ಕೆ ಬಾಗಿಲಿಲ್ಲದಿದ್ದರೆ, ನೀರಿಲ್ಲದಿದ್ದರೆ, ಬೆಳಿಗ್ಗೆಯಿಂದಲೇ ಬಿಡುತ್ತಾರೆ. ಮುಂದೆ ಏನಾಗುತ್ತದೆ ಎಂದು ಆಗಲೇ ಹೇಳಿದ್ದೇನೆ.

ಇಂಥ ಕೆಟ್ಟ ಗುಣ ಸಾವಿರಾರು ವರ್ಷ ಏಕೆ ಅಳಿಯದೆ ಉಳಿಯಿತು ಎಂದು ಕೇಳಬಹುದು. ನಾವು ಪ್ರತಿಯೊಂದು ವಂಶವಾಹಿಯನ್ನೂ ಎರಡು ಪ್ರತಿ ಪಡೆದಿರುತ್ತೇವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಎರಡೂ ಕುಡುಗೋಲಿನದಾದರೆ ಕಾಯಿಲೆ. ಒಂದು ಮಾತ್ರ ಆದರೆ ಅವರು ವಾಹಕರು, ಸಾಮಾನ್ಯವಾಗಿ ಎಲ್ಲರಂತೆ ಆರೋಗ್ಯವಂತರು. ಅಷ್ಟೇ ಅಲ್ಲ, ಮಾರಕ ಮಲೇರಿಯಾ ವಾಹಕರನ್ನು ಉಳಿದವರಷ್ಟು ಸುಲಭವಾಗಿ ಕೊಲ್ಲಲಾರದು. 1954ರಲ್ಲಿ ಆಂಟನಿ ಆಲಿಸನ್ ಇದನ್ನು ಪೂರ್ವ ಆಫ್ರಿಕಾದಲ್ಲಿ ತೋರಿಸಿದರು. ವಯನಾಡು, ನಾಗರಹೊಳೆಯ ಸೆರಗಿನ ಕಾಡುಗಳು ಹಿಂದೆ ಮಲೇರಿಯಾದ ತವರು. ಹೊರಗಿನಿಂದ ಬಂದವರು ಕಾಡುಜ್ವರಕ್ಕೆ ಹೆದರಿ ನಿಲ್ಲುತ್ತಿರಲಿಲ್ಲ. ಅಲ್ಲೇ ಬಾಳಿದವರನ್ನು ಅವರ ರಕ್ತ ಕಾಯ್ದಿತು. ಅದಕ್ಕೆ ಕೊಟ್ಟ ಬೆಲೆಯನ್ನು ಈಗಿನ ಮಕ್ಕಳು ತೀರಿಸುತ್ತಿದ್ದಾರೆ. ಇದನ್ನು ಕೇಳಿದ ಮೇಲೆ ಯಾರಾದರೂ ಇದನ್ನು ಶಾಪ, ಕುಲದ ದೋಷ ಎಂದರೆ ಅವರಿಗೆ ವಿಜ್ಞಾನ ಪುಸ್ತಕ ಕೊಡಿ. ಮುಟ್ಟಿದರೆ, ಒಟ್ಟಿಗೆ ಉಂಡರೆ ಅಂಟುವುದಲ್ಲ ಎಂಬುದನ್ನೂ ಹೇಳಿ.

ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗಾಗಿ ಮದುವೆಗೆ ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು ಎನ್ನುತ್ತಾರೆ. ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಪರೀಕ್ಷೆ ಹುಡುಗನಿಗೂ ಆಗಬೇಕು. ಹುಡುಗಿಯ ಕಾರ್ಡ್ ಮಾತ್ರ ಕೇಳಿ ಸಂಬಂಧ ಬಿಟ್ಟುಹೋದದ್ದನ್ನು ನಾನು ಕಂಡಿದ್ದೇನೆ.

ಪರೀಕ್ಷೆ ಕಷ್ಟದ್ದಲ್ಲ. ಬೆರಳ ತುದಿಯ ಒಂದು ಹನಿ ರಕ್ತವನ್ನು ಕೊಳವೆಯ ದ್ರಾವಣಕ್ಕೆ ಹಾಕುತ್ತಾರೆ. ಕೊಳವೆಯ ಹಿಂದೆ ಹಿಡಿದ ಕಪ್ಪು ಗೆರೆ ಸ್ಪಷ್ಟವಾಗಿ ಕಂಡರೆ ಸರಿ. ದ್ರಾವಣ ಮಂಜಾಗಿ ಗೆರೆ ಮುಚ್ಚಿಹೋದರೆ ಕುಡುಗೋಲು ಹಿಮೋಗ್ಲೋಬಿನ್ ಇದೆ ಎಂದು ಅರ್ಥ. ವಾಹಕರೋ ರೋಗಿಯೋ ಎಂಬುದು ದೊಡ್ಡ ಪ್ರಯೋಗಾಲಯದ ಇನ್ನೊಂದು ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಾಹ್‌ಡೋಲ್‌ನಲ್ಲಿ ಇದಕ್ಕಾಗಿಯೇ ಒಂದು ರಾಷ್ಟ್ರೀಯ ಅಭಿಯಾನ ಶುರುವಾಗಿದೆ. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ, 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಅದಕ್ಕಿದೆ. ನರ್ಸಮ್ಮ ಹಾಡಿಗೆ ಬಂದಾಗ ಕಾಡಿಗೆ ಓಡಬೇಡಿ.

ಔಷಧಿಯ ಕಥೆಯೂ ಚೆನ್ನಾಗಿದೆ. ಈ ಕಾಯಿಲೆಯಿರುವ ಹಸುಗೂಸು ಮೊದಲ ಕೆಲವು ತಿಂಗಳು ಆರಾಮಾಗಿರುತ್ತದೆ. ಏಕೆಂದರೆ ಗರ್ಭದಲ್ಲಿರುವಾಗ ನಮಗೆ ಬೇರೆ ಒಂದು ಹಿಮೋಗ್ಲೋಬಿನ್ ಇರುತ್ತದೆ, ಅದರಲ್ಲಿ ಈ ಬೀಟಾ ಸರಪಳಿಯೇ ಇಲ್ಲ. ಹುಟ್ಟಿದ ಮೇಲೆ ಅದು ನಿಧಾನವಾಗಿ ಕಡಿಮೆಯಾಗಿ, ದೊಡ್ಡವರದು ಬರುತ್ತದೆ. ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ಆ ಎಳೆಯ ಹಿಮೋಗ್ಲೋಬಿನ್ನನ್ನು ಮತ್ತೆ ಸ್ವಲ್ಪ ಎಬ್ಬಿಸುತ್ತದೆ. ಅದು ನಡುವೆ ಸೇರಿಕೊಂಡರೆ ಹುರಿ ಕಟ್ಟುವುದಿಲ್ಲ. ನೋವಿನ ದಿನಗಳು ಕಡಿಮೆಯಾಗುತ್ತವೆ. ದುಬಾರಿಯದಲ್ಲ, ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾ ವೈದ್ಯರ ಕೈಕೆಳಗೇ ತೆಗೆದುಕೊಳ್ಳಬೇಕು. ಜೀನನ್ನೇ ತಿದ್ದಿ ಆ ಎಳೆಯ ಹಿಮೋಗ್ಲೋಬಿನ್ನನ್ನು ಮತ್ತೆ ಎಬ್ಬಿಸುವ ಚಿಕಿತ್ಸೆಗೂ 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳು ಒಪ್ಪಿಗೆ ಕೊಟ್ಟಿವೆ. ಅಮೆರಿಕದಲ್ಲಿ ಅದರ ಬೆಲೆ 20 ಲಕ್ಷ ಡಾಲರಿಗೂ ಹೆಚ್ಚು. ಹಾಡಿಗೆ ಅದು ಬರುವುದಕ್ಕೆ ಇನ್ನೂ ಕಾಲವಿದೆ. ಕುಡಿಯುವ ನೀರು, ಒಣ ಬಟ್ಟೆ, ಬೆಚ್ಚನೆಯ ಸ್ವೆಟರು ಇವತ್ತೇ ಬರಬಹುದು.

ಮೇಷ್ಟ್ರುಗಳಿಗೆ, ಟೀಚರುಗಳಿಗೆ ನನ್ನ ಕೋರಿಕೆ ಇಷ್ಟು. ಈ ಕಾಯಿಲೆಯೆಂದು ಗೊತ್ತಾದ ಮಗು ನಿಮ್ಮ ತರಗತಿಯಲ್ಲಿದ್ದರೆ ನೀರಿನ ಬಾಟಲಿ ಬೆಂಚಿನ ಮೇಲೇ ಇರಲಿ, ಹೊರಗೆ ಹೋಗಲು ಕೇಳಿದಾಗ ಬಿಡಿ. ಸ್ವೆಟರಿನ ಬಣ್ಣ ಯೂನಿಫಾರ್ಮಿಗೆ ಹೊಂದದಿದ್ದರೂ ಇರಲಿ. ಆಟದಿಂದ ಪೂರ್ತಿ ದೂರ ಇಡಬೇಡಿ, ದಣಿದಾಗ ಕೂರಲು ಬಿಡಿ. ಜ್ವರ ಬಂದರೆ ಮಾತ್ರ ನಾಳೆಯವರೆಗೆ ಕಾಯುವಂತಿಲ್ಲ. ಈ ಮಕ್ಕಳ ಗುಲ್ಮ ಬೇಗ ಕೆಟ್ಟಿರುತ್ತದೆ, ಸೋಂಕು ಗಂಟೆಗಳಲ್ಲಿ ಏರಬಹುದು. ಅದೇ ದಿನ ಆಸ್ಪತ್ರೆಗೆ. ಮಕ್ಕಳೆ, ನೀವು ಈಗ ಯಾರನ್ನೂ ತಿರುಗಿ ನೋಡಬೇಡಿ. ಯಾರ ರಕ್ತದಲ್ಲಿ ಏನಿದೆ ಎಂದು ಮುಖ ನೋಡಿ ಹೇಳಲು ನನಗೂ ಬರುವುದಿಲ್ಲ.

ಕೊನೆಯದಾಗಿ ಹಳೆಯ ವಿದ್ಯಾರ್ಥಿ ಸಂಘದ ಗೆಳೆಯರಿಗೆ. ಸುವರ್ಣ ಮಹೋತ್ಸವದ ನೆನಪಿಗೆ ಗೇಟಿನ ಬಳಿ ಒಂದು ಸ್ವಾಗತ ಕಮಾನು ಕಟ್ಟಬೇಕೆಂದು ನಿನ್ನೆ ಮಾತಾಯಿತು. ನನ್ನ ಪಾಲಿನ ಹಣವನ್ನೂ ಕೊಟ್ಟಿದ್ದೇನೆ. ಕಮಾನು ಚೆನ್ನಾಗಿಯೇ ಕಾಣುತ್ತದೆ. ಆದರೆ ಊಟಕ್ಕೆ ಮೊದಲು ಒಮ್ಮೆ ಹೆಣ್ಣುಮಕ್ಕಳ ಶೌಚಾಲಯದ ಕಡೆ ನಡೆದು, ಎಷ್ಟು ಬಾಗಿಲಿಗೆ ಚಿಲಕವಿದೆ, ಎಷ್ಟು ನಲ್ಲಿಯಲ್ಲಿ ನೀರು ಬರುತ್ತದೆ ಎಂದು ನೋಡಿ ಬನ್ನಿ. ಆಮೇಲೆ ಕೂತು ಮಾತಾಡೋಣ.  ಇನ್ನು ಪ್ರಶ್ನೆಗಳಿದ್ದರೆ ಕೇಳಿ, ಮೊದಲು ಹಿಂದಿನ ಸಾಲಿನವರು.